ಹೊರಗೆ ಎಂದರೆ ಎಲ್ಲಿಗೆ?

ಹೆಚ್ಚಾದರೆ ವಿಷವಾಗುವ ತಾಮ್ರವನ್ನು ಬ್ಯಾಕ್ಟೀರಿಯಾ ಹೇಗೆ ನಿಭಾಯಿಸುತ್ತದೆಂಬ ನಿಮ್ಮ ಲೇಖನದ ಕರಡು, ‘ತಾಮ್ರವನ್ನು ಗೆಲ್ಲುವ ಜೀವಾಣು’, ಓದಿದೆ. ಭಾಷೆ ಎಲ್ಲೂ ತಡವರಿಸುವುದಿಲ್ಲ. ಹತ್ತಾರು ಬ್ಯಾಕ್ಟೀರಿಯಾಗಳ ಹೆಸರು ಹೇಳಿ ದಣಿಸದೆ ಇ. ಕೊಲೈ ಒಂದನ್ನೇ ಹಿಡಿದದ್ದು ಜಾಣತನ. ಹೊಗಳಿಕೆ ಇಷ್ಟು ಸಾಕು. ಎರಡನೇ ಪುಟದ ಒಂದು ವಾಕ್ಯ ನನ್ನನ್ನು ಮುಂದಕ್ಕೆ ಹೋಗಲು ಬಿಡಲಿಲ್ಲ:

“ಒಳಗೆ ತಾಮ್ರ ಹೆಚ್ಚಾಗಿದ್ದನ್ನು ತಿಳಿದೊಡನೆ ಬ್ಯಾಕ್ಟೀರಿಯಾ ಪೊರೆಯ ಬಾಗಿಲು ತೆರೆದು ಅದನ್ನು ಹೊರದಬ್ಬುತ್ತದೆ.”

ಕೇಳಲು ಚೆನ್ನಾಗಿದೆ. ಒಂದೊಂದೇ ಪದ ಎತ್ತಿ ನೋಡೋಣ.

‘ಹೆಚ್ಚಾಗಿದ್ದನ್ನು’. ಎಷ್ಟಾದರೆ ಹೆಚ್ಚು? ಕ್ಯೂಆರ್ ಎಂಬ ಸಂವೇದಕ ಪ್ರೋಟೀನು ಲೀಟರಿಗೆ 10⁻²¹ ಮೋಲ್ ಆಸುಪಾಸಿನ ಬಿಡಿ ತಾಮ್ರಕ್ಕೇ ಎಚ್ಚೆತ್ತುಕೊಳ್ಳುತ್ತದೆಂದು 2003ರಲ್ಲಿ ತೋರಿಸಲಾಯಿತು. ಇ. ಕೊಲೈ ಕೋಶದ ಗಾತ್ರ ಸುಮಾರು 10⁻¹⁵ ಲೀಟರ್. ಅಷ್ಟು ಜಾಗದಲ್ಲಿ ಒಂದೇ ಒಂದು ಅಯಾನು ಬಿಡಿಯಾಗಿದ್ದರೂ ಸಾಂದ್ರತೆ ಲೀಟರಿಗೆ 10⁻⁹ ಮೋಲ್ ದಾಟಿಬಿಡುತ್ತದೆ. ಅಂದರೆ ಕೋಶದ್ರವದಲ್ಲಿ ಬಿಡಿ ತಾಮ್ರ ಒಂದೂ ಇರಕೂಡದು. ಇರುವುದೆಲ್ಲ ಗ್ಲುಟಾಥಯೋನ್‌ನಂಥ ಅಣುಗಳಿಗೋ ಪ್ರೋಟೀನುಗಳಿಗೋ ಅಂಟಿಕೊಂಡಿರಬೇಕು. ಓದುಗ ಎದ್ದು ಕೂರುವಂಥ ಲೆಕ್ಕ ಇದು. ನೀವು ‘ಹೆಚ್ಚು’ ಎಂದು ಬರೆದು ಮುಗಿಸಿದ್ದೀರಿ.

‘ತಿಳಿದೊಡನೆ’. ತಿಳಿಯುವುದು ಯಾರು? ತಾಮ್ರ ಇಲ್ಲದಾಗಲೂ ಕ್ಯೂಆರ್ ಡಿಎನ್‌ಎ ಮೇಲೆಯೇ ಕೂತಿರುತ್ತದೆ. ತಾಮ್ರ ಸಾಗಿಸುವ ಪ್ರೋಟೀನಾದ ಕಾಪ್‌ಎಯ ಜೀನಿನ ಮುಂದೆ, ಜೀನು ಓದುವ ಕಿಣ್ವವಾದ ಆರ್‌ಎನ್‌ಎ ಪಾಲಿಮರೇಸ್ ಹಿಡಿದುಕೊಳ್ಳಬೇಕಾದ ಎರಡು ತಾಣಗಳ ನಡುವೆ ಸಾಮಾನ್ಯವಾಗಿ ಇರುವ 17ರ ಬದಲು 19 ಬೇಸ್ ಜೋಡಿಗಳ ಅಂತರವಿದೆ, ಹಾಗಾಗಿ ಹಿಡಿತ ಸಿಗುವುದಿಲ್ಲ. ಒಂದು ತಾಮ್ರ ಅಯಾನು ಕ್ಯೂಆರ್‌ನ ಎರಡು ಸಿಸ್ಟೀನ್‌ಗಳ (ಗಂಧಕವಿರುವ ಅಮೈನೋ ಆಮ್ಲಗಳ) ನಡುವೆ ಬಂದು ಕೂತಾಗ ಅದು ಡಿಎನ್‌ಎಯನ್ನು ತಿರುಚುತ್ತದೆ, ಎರಡೂ ತಾಣಗಳು ಹೊಂದಿಕೊಳ್ಳುತ್ತವೆ, ಜೀನು ಓದಿಸಿಕೊಳ್ಳುತ್ತದೆ. ಬ್ಯಾಕ್ಟೀರಿಯಾಗೆ ‘ತಿಳಿಯುವುದು’ ಇಷ್ಟೇ.

‘ಬಾಗಿಲು ತೆರೆದು’. ಇದಂತೂ ಪೂರಾ ದಾರಿ ತಪ್ಪಿಸುತ್ತದೆ. ತೆರೆದ ಬಾಗಿಲಲ್ಲಿ ತಾಮ್ರ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹರಿಯುತ್ತದೆ. ಹೊರಗೆ ಹೆಚ್ಚಿದ್ದರೆ ಒಳಕ್ಕೇ ನುಗ್ಗುತ್ತದೆ. ಕಾಪ್‌ಎ ಪಂಪು. ಹೋಲಿಕೆ ಬೇಕೇ ಬೇಕೆಂದರೆ ಏತವನ್ನು ತನ್ನಿ: ಬಾನೆ ಬಾವಿಯೊಳಗಿರುತ್ತದೆ ಇಲ್ಲವೇ ಮೇಲಿರುತ್ತದೆ, ಒಟ್ಟಿಗೆ ಎರಡೂ ಕಡೆ ಇರುವುದಿಲ್ಲ, ತುಳಿಯುವವನಿಲ್ಲದೆ ಏಳುವುದೂ ಇಲ್ಲ. ಇಲ್ಲಿ ತುಳಿಯುವುದು ಕೋಶಕ್ಕೆ ಶಕ್ತಿ ಒದಗಿಸುವ ಅಣು, ಎಟಿಪಿ. ಅದರ ಫಾಸ್ಫೇಟ್ ಕಾಪ್‌ಎಯ ಆಸ್ಪಾರ್ಟೇಟ್ ಎಂಬ ಒಂದು ಅಮೈನೋ ಆಮ್ಲದ ಮೇಲೆ ಕೂತು, ಪ್ರೋಟೀನಿನ ಆಕಾರ ಬದಲಾಗಿ, ಪೊರೆಯೊಳಗಿನ ಸಿಸ್ಟೀನ್‌ಗಳು ಹಿಡಿದಿದ್ದ ತಾಮ್ರ ಆಚೆ ಬದಿಗೆ ತೆರೆದುಕೊಳ್ಳುತ್ತದೆ. ಹೋಗುವುದು ಒಂದು ಧನ ಆವೇಶದ ತಾಮ್ರ ಮಾತ್ರ. ಇದನ್ನು ನೀವು ಎಲ್ಲೂ ಹೇಳಿಲ್ಲ. ಹೇಳದಿದ್ದರೆ ಮುಂದೆ ಬರುವ ಕ್ಯೂಒ ಎಂಬ ಕಿಣ್ವ ಯಾಕೆ ಬೇಕೆಂಬುದು ಓದುಗನಿಗೆ ಹೊಳೆಯುವುದಿಲ್ಲ.

‘ಹೊರದಬ್ಬುತ್ತದೆ’. ನಾನು ಕರಡು ತಿದ್ದಲು ಕಲಿಯುವಾಗ ಪ್ರತಿ ಕ್ರಿಯಾಪದದ ಪಕ್ಕದಲ್ಲೂ ‘ಎಲ್ಲಿಂದ, ಎಲ್ಲಿಗೆ, ಯಾರ ಖರ್ಚಿನಲ್ಲಿ’ ಎಂದು ಅಂಚಿನಲ್ಲಿ ಬರೆಯಿಸುತ್ತಿದ್ದರು. ಆ ಚಾಳಿ ಹೋಗಿಲ್ಲ. ಇ. ಕೊಲೈಗೆ ಎರಡು ಪೊರೆಗಳಿವೆ. ಕಾಪ್‌ಎ ಇರುವುದು ಒಳಪೊರೆಯಲ್ಲಿ, ಅದು ತಾಮ್ರವನ್ನು ಸಾಗಿಸುವುದು ಎರಡು ಪೊರೆಗಳ ನಡುವಿನ ಪೆರಿಪ್ಲಾಸಂವರೆಗೆ. ತಾಮ್ರ ಕೆಡಿಸುವ ಕೋಶದ್ರವದ ಕಬ್ಬಿಣ-ಗಂಧಕ ಕಿಣ್ವಗಳು ಬಚಾವಾದವು, ಅಷ್ಟೆ. ತಾಮ್ರ ಇನ್ನೂ ಕೋಶದ ಗಡಿಯೊಳಗೇ ಇದೆ.

ಅಲ್ಲಿಂದ ಮುಂದಿನದನ್ನು ನೀವು “ಕಸ್ ವ್ಯವಸ್ಥೆಯೂ ಎಟಿಪಿ ಬಳಸಿ ನೆರವಾಗುತ್ತದೆ” ಎಂದು ಅರ್ಧ ಸಾಲಿನಲ್ಲಿ ತೀರಿಸಿದ್ದೀರಿ. ಅದೂ ತಪ್ಪು. ತಾಮ್ರವನ್ನು ಹೊರಪೊರೆಯಾಚೆ ಕಳಿಸುವ ಈ ಕಸ್ ಎಟಿಪಿ ಮುಟ್ಟುವುದಿಲ್ಲ. ಒಳಕ್ಕೆ ಹರಿದುಬರುವ ಪ್ರೋಟಾನುಗಳ ಬಲದಿಂದ ನಡೆಯುತ್ತದೆ. ಒಳಪೊರೆಯಲ್ಲಿ ಮೂರು ಕಸ್‌ಎ, ನಡುವೆ ಆರು ಕಸ್‌ಬಿ, ಹೊರಪೊರೆಯಲ್ಲಿ ಮೂರು ಕಸ್‌ಸಿ ಸೇರಿ ಒಂದು ಉದ್ದ ಕೊಳವೆ. ಪೆರಿಪ್ಲಾಸಂನಲ್ಲಿ ಅಲೆಯುವ ಪುಟ್ಟ ಕಸ್‌ಎಫ್ ತಾಮ್ರವನ್ನು ಹಿಡಿದು ತಂದು ಈ ಕೊಳವೆಗೆ ಒಪ್ಪಿಸುತ್ತದೆ.

ನಿಮ್ಮ ಲೇಖನದಲ್ಲಿ ಆಮ್ಲಜನಕದ ಮಾತೇ ಇಲ್ಲದಿರುವುದು ನನಗೆ ಎಲ್ಲಕ್ಕಿಂತ ಕಿರಿಕಿರಿ ಮಾಡಿತು. ಪೆರಿಪ್ಲಾಸಂಗೆ ಬಂದ ತಾಮ್ರವನ್ನು ಕ್ಯೂಒ ಉತ್ಕರ್ಷಿಸಿ (ಒಂದು ಎಲೆಕ್ಟ್ರಾನ್ ಕಿತ್ತು), ಪೊರೆ ದಾಟಲು ಅಷ್ಟು ಸುಲಭವಲ್ಲದ, ಎರಡು ಆವೇಶದ ರೂಪಕ್ಕೆ ತಿರುಗಿಸುತ್ತದೆ. ಆ ಕಿಣ್ವಕ್ಕೆ ಆಮ್ಲಜನಕ ಬೇಕೇ ಬೇಕು. ಹಾಗಾಗಿ ಗಾಳಿಯಲ್ಲಿ ಬೆಳೆಸಿದ ಇ. ಕೊಲೈನಿಂದ ಕಸ್ ಜೀನುಗಳನ್ನಷ್ಟೇ ತೆಗೆದರೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ, ಕ್ಯೂಒ ನಿಭಾಯಿಸುತ್ತದೆ. ಗಾಳಿ ಇಲ್ಲದೆಡೆ ಅದೇ ತಳಿ ತಾಮ್ರಕ್ಕೆ ಬೇಗ ಸೋಲುತ್ತದೆ. ಕಾಪ್‌ಎ ತೆಗೆದರೆ ಎರಡೂ ಕಡೆ ಪೆಟ್ಟು. ಕರುಳಿನಲ್ಲಿ ಆಮ್ಲಜನಕ ಕಡಿಮೆ, ಇ. ಕೊಲೈನ ಮನೆ ಅಲ್ಲೇ. ನೀವು ಅರ್ಧ ಸಾಲಿನಲ್ಲಿ ಮುಗಿಸಿದ ಕಸ್‌ಗೆ ಒಂದು ಪುಟ ಕೊಡಿ. ಜಾಗ ಸಾಲದಿದ್ದರೆ ಅಜ್ಜಿಯ ತಾಮ್ರದ ಹಂಡೆಯ ಎರಡು ಪ್ಯಾರಾ ತೆಗೆಯಿರಿ. ಅವು ಎಲ್ಲರ ಲೇಖನದಲ್ಲೂ ಇರುತ್ತವೆ.

ಇನ್ನೊಂದು. “3 ಮಿಲಿಮೋಲಾರ್ ತಾಮ್ರವನ್ನೂ ತಡೆಯುತ್ತದೆ” ಎಂದಿದ್ದೀರಿ. ಬ್ಯಾಕ್ಟೀರಿಯಾ ಬೆಳೆಸಿದ್ದು ಯಾವ ಮಾಧ್ಯಮದಲ್ಲಿ? ಎಲ್‌ಬಿ ಎಂಬ ಪೋಷಕಾಂಶ ತುಂಬಿದ ಮಾಧ್ಯಮದ ಪೆಪ್ಟೈಡುಗಳು, ಅಮೈನೋ ಆಮ್ಲಗಳು ತಾಮ್ರದ ಬಹುಪಾಲನ್ನು ಕಟ್ಟಿಹಾಕುತ್ತವೆ. ಲವಣ, ಗ್ಲೂಕೋಸ್ ಮಾತ್ರವಿರುವ ಮಾಧ್ಯಮದಲ್ಲಿ ಅದಕ್ಕಿಂತ ಬಹಳ ಕಡಿಮೆಗೇ ಬೆಳವಣಿಗೆ ನಿಲ್ಲುತ್ತದೆ. ಮಾಧ್ಯಮ, ಗಾಳಿ, ತಳಿ ಮೂರನ್ನೂ ಹೇಳಿ, ಇಲ್ಲವೇ ಅಂಕಿ ಬಿಡಿ.

ಮುಂದಿನ ಕರಡಿನೊಂದಿಗೆ ಒಂದು ಚಿತ್ರ ಕಳಿಸಿ: ಎರಡು ಪೊರೆಗೆ ಎರಡು ಅಡ್ಡಗೆರೆ, ಕಾಪ್‌ಎ, ಕ್ಯೂಒ, ಕಸ್‌ಎಫ್, ಕಸ್ ಕೊಳವೆ, ಬಾಣಗಳು. ಪ್ರತಿ ಬಾಣದ ಪಕ್ಕ ಖರ್ಚು ಎಟಿಪಿಯದೋ ಪ್ರೋಟಾನಿನದೋ ಆಮ್ಲಜನಕದ್ದೋ ಎಂದು ಬರೆದಿರಲಿ. ಬಣ್ಣ ಬೇಡ, ನಮ್ಮಲ್ಲಿ ಒಳಪುಟಗಳು ಕಪ್ಪು-ಬಿಳುಪು.