ರಕ್ತನಾಳದಲ್ಲಿ ಕ್ಯಾಲ್ಸಿಯಂ ಕಟ್ಟಿದೆ, ಅಪ್ಪನಿಗೆ ಮುದ್ದೆ ಬಿಡಿಸಬೇಕಾ?

ಪ್ರಶ್ನೆ: ನಮ್ಮ ಅಪ್ಪನಿಗೆ 58 ವರ್ಷ, ಶುಗರ್ ಇದೆ. ನಾಲ್ಕು ವರ್ಷದಿಂದ ಹಾಸನದಲ್ಲಿ ವಾರಕ್ಕೆ ಎರಡು ಸಲ ಡಯಾಲಿಸಿಸ್ ಮಾಡಿಸುತ್ತಿದ್ದೇವೆ. ಸೊಂಟನೋವಿಗೆ ಎಕ್ಸ್‌ರೇ ತೆಗೆಸಿದಾಗ ಹೊಟ್ಟೆಯ ದೊಡ್ಡ ರಕ್ತನಾಳದಲ್ಲಿ ಕ್ಯಾಲ್ಸಿಯಂ ಕಟ್ಟಿದೆ ಎಂದರು. ಫಾಸ್ಫರಸ್ 7.1 ಬಂದಿದೆ. ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ, ಮುದ್ದೆ ನಿಲ್ಲಿಸಿ ಅಂತ ಮಾವ ಹೇಳುತ್ತಾರೆ. ಅಪ್ಪ ಮುದ್ದೆ ಬಿಟ್ಟರೆ ಊಟಾನೇ ಮಾಡಲ್ಲ. ಸ್ಟೆಂಟ್ ಹಾಕಿಸಿದರೆ ಇದು ಸರಿಹೋಗುತ್ತಾ?
– ಅರಕಲಗೂಡು ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ಮಾವ ಹೇಳಿದ್ದರಲ್ಲಿ ಅರ್ಧ ನಿಜ. ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿಯೇ. ಆದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಆ 7.1.

ರಕ್ತದಲ್ಲಿ ಫಾಸ್ಫರಸ್ ಸಾಮಾನ್ಯವಾಗಿ 2.5ರಿಂದ 4.5ರೊಳಗೆ ಇರಬೇಕು. ಕಿಡ್ನಿ ಕೆಲಸ ನಿಲ್ಲಿಸಿದ ಮೇಲೆ ಅದು ಹೊರಗೆ ಹೋಗುವುದಿಲ್ಲ. ನಾಲ್ಕು ಗಂಟೆಯ ಒಂದು ಡಯಾಲಿಸಿಸ್ ತೆಗೆಯುವುದು ಸುಮಾರು 800ರಿಂದ 1000 ಮಿಲಿಗ್ರಾಂ. ಹೆಚ್ಚುಕಡಿಮೆ ಅಷ್ಟೇ ಫಾಸ್ಫರಸ್ ಒಂದು ದಿನದ ಊಟದಲ್ಲೇ ಇರುತ್ತದೆ. ಎಲ್ಲವೂ ಮೈಗೆ ಹತ್ತುವುದಿಲ್ಲ, ಆದರೂ ವಾರಕ್ಕೆ ಎರಡೇ ಸಲ ಅಂದರೆ ಲೆಕ್ಕ ಕೂಡುವುದಿಲ್ಲ. ಹೀಗೆ ಉಳಿದ ಫಾಸ್ಫರಸ್ಸು ರಕ್ತನಾಳದ ಗೋಡೆಯ ಸ್ನಾಯುಕಣಗಳ ಗುಣವನ್ನೇ ಬದಲಿಸುತ್ತದೆ. ಅವು ಮೂಳೆಯ ಕಣಗಳ ಥರ ವರ್ತಿಸಿ, ಅಲ್ಲಿ ಕ್ಯಾಲ್ಸಿಯಂ ಕೂರಿಸಿಕೊಳ್ಳುತ್ತವೆ. ಶುಗರ್, ವಯಸ್ಸು, ರಕ್ತದ ಕ್ಯಾಲ್ಸಿಯಂ, ಫಾಸ್ಫರಸ್ಸನ್ನು ಹದದಲ್ಲಿಡುವ ಪಿಟಿಎಚ್ ಹಾರ್ಮೋನಿನ ಏರುಪೇರು ಇದಕ್ಕೆ ಸೇರಿಕೊಳ್ಳುತ್ತವೆ.

ಮುದ್ದೆ ಪೂರ್ತಿ ಬಿಡಿಸಬೇಡಿ. ರಾಗಿ, ಕಾಳುಗಳ ಫಾಸ್ಫರಸ್ಸಿನಲ್ಲಿ ಒಂದು ಭಾಗ ಮಾತ್ರ ಮೈಗೆ ಹತ್ತುತ್ತದೆ. ಕೋಲಾ, ಸಂಸ್ಕರಿಸಿದ ಚೀಸ್, ಪ್ಯಾಕೆಟ್ ಮಾಂಸಕ್ಕೆ ಬೆರೆಸುವ ಫಾಸ್ಫೇಟ್ ಹೆಚ್ಚುಕಡಿಮೆ ಪೂರ್ತಿ ಒಳಗೆ ಹೋಗುತ್ತದೆ. ಮುದ್ದೆ ಎಷ್ಟು ದೊಡ್ಡದಿರಬೇಕು ಅಂತ ಡಯಟೀಷಿಯನ್ ಹತ್ತಿರ ಕೇಳಿ. ನನಗೆ ಮುದ್ದೆಗಿಂತ ಜಾಸ್ತಿ ಭಯ ಬಸ್ಸಾರಿನದು. ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿಗೆ ಪೊಟ್ಯಾಸಿಯಂ ಇಳಿದಿರುತ್ತದೆ. ನಾವು ಸಾರು ಮಾಡುವುದು ಅದೇ ನೀರಲ್ಲಿ, ಅಲ್ವಾ? ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಅಪ್ಪನಿಗೆ ಪಲ್ಯ ಸ್ವಲ್ಪ ಬಡಿಸಿ, ಆ ಸಾರು ಬೇಡ.

ಇನ್ನು ಮಾತ್ರೆ. ಫಾಸ್ಫರಸ್ ಮಾತ್ರೆಯನ್ನು ಅಪ್ಪ ಯಾವಾಗ ನುಂಗುತ್ತಾರೆ? ಅದು ಹೊಟ್ಟೆಯಲ್ಲಿ ಊಟದ ಫಾಸ್ಫರಸ್ಸನ್ನು ಹಿಡಿದು ಮಲದಲ್ಲಿ ಹೊರಹಾಕುವ ಮಾತ್ರೆ. ಊಟದ ಜೊತೆಗೇ ನುಂಗಬೇಕು. ಮಲಗುವಾಗ ಉಳಿದ ಮಾತ್ರೆಗಳ ಜೊತೆ ನುಂಗಿದರೆ ಸುಮ್ನೆ ದುಡ್ಡು ದಂಡ. ಅದು ಕ್ಯಾಲ್ಸಿಯಂ ಕಾರ್ಬೊನೇಟ್ ಅಥವಾ ಅಸಿಟೇಟ್ ಆಗಿದ್ದರೆ, ಎಕ್ಸ್‌ರೇ ತೋರಿಸಿ, ಡೋಸ್ ಇಳಿಸಿ, ಕ್ಯಾಲ್ಸಿಯಂ ಇಲ್ಲದ ಸೆವೆಲಮರ್ ಎಂಬ ಮಾತ್ರೆ ಕೊಡಬಹುದಾ ಎಂದು ನಿಮ್ಮ ಕಿಡ್ನಿ ಡಾಕ್ಟರನ್ನು ಕೇಳಿ. ಬೆಲೆ ಜಾಸ್ತಿ, ನಿಜ. ನೀವಾಗಿಯೇ ಬದಲಿಸಬೇಡಿ. ಸೊಂಟನೋವಿಗೆ ಅಂತ ಮೆಡಿಕಲ್ ಶಾಪಿನಿಂದ ಕ್ಯಾಲ್ಸಿಯಂ, ವಿಟಮಿನ್ ಡಿ ತರುವ ಅಭ್ಯಾಸವಿದ್ದರೆ ಅದನ್ನೂ ಅವರಿಗೆ ಹೇಳಿ.

ಸ್ಟೆಂಟ್ ಈ ಕ್ಯಾಲ್ಸಿಯಂ ತೆಗೆಯುವುದಿಲ್ಲ. ಸ್ಟೆಂಟ್ ಹಾಕುವುದು ನಾಳದ ಒಳಗೆ ಬ್ಲಾಕ್ ಆದ ಕಡೆ, ಹೆಚ್ಚಾಗಿ ಹೃದಯದ ನಾಳದಲ್ಲಿ. ಕಿಡ್ನಿ ಕಾಯಿಲೆಯಲ್ಲಿ ಗೋಡೆಯ ನಡುಪದರದಲ್ಲೂ ಕ್ಯಾಲ್ಸಿಯಂ ಕೂತು ನಾಳ ಗಡಸಾಗುತ್ತದೆ. ಆಗ ಬಿಪಿಯ ಮೇಲಿನ ಅಂಕಿ ಏರುತ್ತದೆ, ಹೃದಯದ ಸ್ನಾಯು ದಪ್ಪವಾಗುತ್ತದೆ. ಡಯಾಲಿಸಿಸ್‌ನವರಲ್ಲಿ ಎರಡೂ ತೊಂದರೆ ಒಟ್ಟಿಗೇ ಇರಬಹುದು, ಹಾರ್ಟ್ ಅಟ್ಯಾಕಿನ ಅಪಾಯ ಉಳಿದವರಿಗಿಂತ ಹೆಚ್ಚೇ. ಹಾಗಾಗಿ ಒಂದು ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ. ಕಟ್ಟಿದ ಕ್ಯಾಲ್ಸಿಯಂ ಕರಗಿಸುವ ಖಚಿತ ಔಷಧಿ ಇಲ್ಲ, ಇನ್ನೂ ಕಟ್ಟುವುದನ್ನು ನಿಧಾನಿಸಬಹುದು. ಮೂರನೇ ಡಯಾಲಿಸಿಸ್ ಸಾಧ್ಯವಾ ಅಂತ ವಿಚಾರಿಸಿ. ಮದುವೆ, ಹಬ್ಬ ಅಂತ ಇರುವ ಎರಡನ್ನಂತೂ ತಪ್ಪಿಸಬೇಡಿ.

ಶುಗರ್ ಇರುವವರಿಗೆ ಎದೆನೋವೇ ಇಲ್ಲದೆ ಹಾರ್ಟ್ ಅಟ್ಯಾಕ್ ಆಗಬಹುದು. ಮಲಗಿದರೆ ಉಸಿರು ಕಟ್ಟುವುದು, ತಣ್ಣನೆ ಬೆವರು, ತಲೆ ತಿರುಗಿ ಬೀಳುವುದು ಕಂಡರೆ ಮುಂದಿನ ಡಯಾಲಿಸಿಸ್ ದಿನಕ್ಕೆ ಕಾಯದೆ 108ಕ್ಕೆ ಫೋನ್ ಮಾಡಿ.