ಭೂತಾನ್‌ಗೆ ಒಬ್ಬರೇ ಹೋಗಬಹುದೇ? ಸಿದ್ಧತೆ ಹೇಗಿರಬೇಕು?

ಧಾರಾಳವಾಗಿ ಹೋಗಬಹುದು. ಭಾರತೀಯರಿಗೆ ವೀಸಾ ಬೇಡ, ಆದರೆ ಪ್ರವೇಶ ಪರವಾನಗಿ ಕಡ್ಡಾಯ; ಅದಕ್ಕೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರುವ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು. ಆಧಾರ್ ಕಾರ್ಡ್ ಒಂದನ್ನೇ ನಂಬಿ ಹೊರಡಬೇಡಿ.

ಖರ್ಚನ್ನು ನಿರ್ಧರಿಸುವುದು ನೀವು ಅಲ್ಲಿ ಕಳೆಯುವ ರಾತ್ರಿಗಳ ಸಂಖ್ಯೆ. ಪ್ರವಾಸಿಗರು ಕಡಿಮೆ ಬಂದರೂ ಸರಿ, ಅವರಿಂದ ನಾಡಿಗೆ ಹೆಚ್ಚು ಪ್ರಯೋಜನವಾಗಬೇಕು ಎಂಬುದು ಆ ದೇಶದ ನೀತಿಯಾದ್ದರಿಂದ, ವಯಸ್ಕ ಭಾರತೀಯರು ರಾತ್ರಿಯೊಂದಕ್ಕೆ 1,200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕ ಕಟ್ಟಬೇಕು. ಇದರ ಮೇಲೆ ಕಾರಿನ ಬಾಡಿಗೆಯನ್ನು ಹಂಚಿಕೊಳ್ಳಲು ಜೊತೆಗಾರರಿಲ್ಲದಿರುವುದರಿಂದ, ಮೊದಲ ಸಲ ಪಾರೋ ಮತ್ತು ಥಿಂಪುಗಳಿಗೇ ತೃಪ್ತಿಪಟ್ಟುಕೊಂಡು, ಎರಡರ ನಡುವೆ ಶೇರ್ ಟ್ಯಾಕ್ಸಿಯಲ್ಲಿ ಓಡಾಡುವುದು ಜಾಣತನ. ಅಲ್ಲಿನ ನ್ಗುಲ್ಟ್ರಮ್ ಮತ್ತು ನಮ್ಮ ರೂಪಾಯಿಯ ಬೆಲೆ ಒಂದೇ, ನಗದು ಇಟ್ಟುಕೊಂಡಿರಿ.

ಪಾರೋದ ತಕ್‌ಸಾಂಗ್ ಮಠವನ್ನು ಮಾತ್ರ ಮೊದಲ ದಿನವೇ ಹತ್ತಬೇಡಿ. ಮಠ ಸುಮಾರು 3,100 ಮೀಟರ್ ಎತ್ತರದಲ್ಲಿದೆ, ತೆಳುಗಾಳಿಗೆ ದೇಹ ಒಗ್ಗಲು ಒಂದೆರಡು ದಿನ ಬೇಕು. ಎದುರಿನ ಬಂಡೆಯಿಂದ ಮಠ ಕೈಗೆಟಕುವಷ್ಟು ಹತ್ತಿರ ಕಾಣುತ್ತದೆ. ಆದರೆ ಅಲ್ಲಿಂದ ನೂರಾರು ಮೆಟ್ಟಿಲಿಳಿದು, ಜಲಪಾತದ ಸೇತುವೆ ದಾಟಿ, ಮತ್ತೆ ಹತ್ತಬೇಕು. ಆ ಕೊನೆಯ ಏರಿಗೆ ಉಸಿರು ಉಳಿಸಿಕೊಳ್ಳಿ.