ಅದು ಕಾವಲು ಗೋಪುರ ಅಲ್ಲ, ಪಾರಿವಾಳದ ಮನೆ

ಫ್ರಾನ್ಸಿನ ನಾರ್ಮಂಡಿಯಲ್ಲಿರುವ ಮನ್ವಾರ್ ದಾಂಗೋ ಎಂಬ ಹಳೇ ಬಂಗಲೆಯ ಫೋಟೋ ಹಾಕಿ, ಅಂಗಳದ ನಡುವಿನ ದುಂಡು ಗೋಪುರ ಕಾವಲಿಗಾ ಅಂತ ಕೇಳಿದ್ದೀರಿ. ಅಲ್ಲ, ಅದು ಪಾರಿವಾಳದ ಮನೆ! ಒಳಗೋಡೆಯಲ್ಲಿ ಸುಮಾರು 1,600 ಗೂಡುಗಳಿವೆ.

ಈ ಬಂಗಲೆ ಕಟ್ಟಿಸಿದವನು ಜಾನ್ ಆಂಗೋ, ದಿಯೆಪ್ ಬಂದರಿನ ಹಡಗು ಮಾಲೀಕ. 1529ರಲ್ಲಿ ಸುಮಾತ್ರಾಕ್ಕೆ ಹೋದ ಫ್ರೆಂಚ್ ಹಡಗುಗಳು ಇವನವೇ. 1530ರ ದಶಕದಲ್ಲಿ ಕೆಲಸ ಶುರುವಾಯಿತು. ಆಗ ಇಟಲಿ ಶೈಲಿಯ ಹುಚ್ಚು ಜಾಸ್ತಿ. ಹಾಗಾಗಿ ಸುತ್ತಲೂ ಕಟ್ಟಡವಿರುವ ಅಂಗಳದ ಒಂದು ಬದಿಗೆ ಕಮಾನಿನ ಮೊಗಸಾಲೆ ಬಂತು.

ಗೋಪುರದ ಫೋಟೋ ಸ್ವಲ್ಪ ಝೂಮ್ ಮಾಡಿ ನೋಡಿ. ಕೆಂಪು ಇಟ್ಟಿಗೆ, ಕಪ್ಪು ಚಕಮಕಿ ಕಲ್ಲು, ಬಿಳಿ ಕಲ್ಲು ಸೇರಿಸಿ ಕಂಬಳಿಯ ಅಂಚಿನ ಹಾಗೆ ಪಟ್ಟೆ ಪಟ್ಟೆಯಾಗಿ ಚಿತ್ತಾರ ಮಾಡಿದ್ದಾರೆ. ಮೇಲೆ ಗುಮ್ಮಟದಂಥ ಮಾಡು. ನನಗಂತೂ ಮನೆಗಿಂತ ಇದೇ ಇಷ್ಟ.

ಪಾರಿವಾಳಕ್ಕೆ ಇಷ್ಟು ಖರ್ಚು ಯಾಕೆ? ಮಾಂಸ ಸಿಗುತ್ತಿತ್ತು, ಹಿಕ್ಕೆ ಒಳ್ಳೆ ಗೊಬ್ಬರ. ಆದರೆ ಮುಖ್ಯ ವಿಷಯ ದೌಲತ್ತು. ಇಂಥದ್ದು ಕಟ್ಟಿಸುವ ಹಕ್ಕು ಜಮೀನ್ದಾರರಿಗೆ ಮಾತ್ರ ಇತ್ತು. ಹಕ್ಕಿಗಳು ರೈತರ ಬಿತ್ತನೆ ಬೀಜ ತಿಂದರೂ ಕೊಲ್ಲುವಂತಿರಲಿಲ್ಲ. ಆ ಸಿಟ್ಟು ಎಷ್ಟಿತ್ತೆಂದರೆ, 1789ರ ಆಗಸ್ಟ್‌ನಲ್ಲಿ ಫ್ರೆಂಚ್ ಕ್ರಾಂತಿಯ ಸಭೆ ರದ್ದು ಮಾಡಿದ ಹಕ್ಕುಗಳಲ್ಲಿ ಇದೂ ಇತ್ತು.

ಆಂಗೋ ಮಾತ್ರ ಅಷ್ಟೆಲ್ಲ ಗಳಿಸಿಯೂ ಕೊನೆಗೆ ಸಾಲದಲ್ಲಿ ಮುಳುಗಿ 1551ರಲ್ಲಿ ತೀರಿಕೊಂಡ.